ಹತ್ತನೆಯ ದಿನದ ರಕ್ತಕ್ಕೆ ಯಾರು ಹೊಣೆ?

ಹೆರಿಗೆ ಸುಸೂತ್ರವಾಯಿತು, ತಾಯಿ ಮಗು ಕ್ಷೇಮ ಎಂಬ ಮಾತು ನಮ್ಮ ಆಸ್ಪತ್ರೆಗಳಲ್ಲಿ ತೀರಾ ಬೇಗ ಹೊರಬೀಳುತ್ತದೆ. ಹೊಕ್ಕುಳಬಳ್ಳಿ ಕತ್ತರಿಸಿ, ಕಸ ಬಿದ್ದು, ಹೊಲಿಗೆ ಹಾಕಿದ್ದಾದರೆ ಲೆಕ್ಕ ಚುಕ್ತಾ ಎಂಬಂತೆ ಎಲ್ಲರ ಕಣ್ಣೂ ಮಗುವಿನ ಕಡೆ ತಿರುಗುತ್ತದೆ. ಹೆತ್ತವಳ ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಇನ್ನೂ ಆರು ವಾರ ಬೇಕು ಎಂದು ಗೊತ್ತಿದ್ದವರೂ ಮರೆತವರಂತೆ ನಡೆದುಕೊಳ್ಳುತ್ತಾರೆ. ಹೆರಿಗೆಯಾಗಿ 24 ಗಂಟೆ ಕಳೆದ ಮೇಲೆ 12 ವಾರದೊಳಗೆ ಯಾವಾಗ ಬೇಕಾದರೂ, ಹೆಚ್ಚಾಗಿ ಎರಡನೆಯ ವಾರದ ಆಸುಪಾಸಿನಲ್ಲಿ, ಬಾಣಂತಿಗೆ ಇದ್ದಕ್ಕಿದ್ದಂತೆ ರಕ್ತ ಸುರಿಯಲು ಶುರುವಾಗಬಹುದು. ನೂರು ಹೆರಿಗೆಗಳಲ್ಲಿ ಒಂದರಲ್ಲಿ, ಹೆಚ್ಚೆಂದರೆ ಎರಡರಲ್ಲಿ ಹೀಗಾಗುತ್ತದೆ. ಇದರ ಕಾರಣಗಳು ವೈದ್ಯರಿಗೆ ಗೊತ್ತು, ಚಿಕಿತ್ಸೆ ಗೊತ್ತು, ಬೇಕಾದ ಔಷಧಿಗಳಲ್ಲಿ ಹೆಚ್ಚಿನವು ದುಬಾರಿಯೂ ಅಲ್ಲ. ಹಾಗಿದ್ದೂ ಹೆಂಗಸು ಸತ್ತರೆ ಅದನ್ನು ವಿಧಿಯಾಟ ಎನ್ನಲು ನಾವು ಸಿದ್ಧರಿಲ್ಲ. ಅದು ಕರ್ತವ್ಯಲೋಪ. ಅದರ ಮೊದಲ ಪಾಲು ಆಸ್ಪತ್ರೆಯದು, ಎರಡನೆಯದು ಸರ್ಕಾರದ್ದು. ಮನೆಯವರ ಪಾಲು ಕೊನೆಗೆ ಬರುತ್ತದೆ.

ಕರ್ನಾಟಕಕ್ಕೆ ತನ್ನ ಹೆರಿಗೆ ಸೇವೆಯ ಬಗ್ಗೆ ಬೆನ್ನು ತಟ್ಟಿಕೊಳ್ಳಲು ಕಾರಣಗಳಿವೆ, ಇಲ್ಲವೆನ್ನುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ, 2008ರಲ್ಲಿ 108 ಆಂಬುಲೆನ್ಸ್, 2011ರಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ, ಜೊತೆಗೆ ತಾಯಿ ಕಾರ್ಡು, ಮಡಿಲು ಕಿಟ್ಟು, ಮನೆ ತನಕ ಬಿಟ್ಟುಬರುವ ನಗು-ಮಗು ವಾಹನ ಎಲ್ಲವೂ ಬಂದವು. ಇಷ್ಟಾದರೂ 2018–20ರ ಮಾದರಿ ನೋಂದಣಿ ಸಮೀಕ್ಷೆಯಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ ಸತ್ತ ತಾಯಂದಿರ ಸಂಖ್ಯೆ 69. ಕೇರಳದಲ್ಲಿ ಅದು 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯ ಬೆಂಚು ನಮ್ಮದು. ನಂತರದ ವರದಿಯಲ್ಲಿ ನಮ್ಮ ಅಂಕಿ 63ಕ್ಕೆ ಇಳಿಯಿತು, ಬೆಂಚು ಬದಲಾಗಲಿಲ್ಲ. ದೇಶದ ಸರಾಸರಿಗಿಂತ ನಾವು ಎಷ್ಟೋ ವಾಸಿ ಎಂದು ಅಧಿಕಾರಿಗಳು ಸಮಾಧಾನಪಟ್ಟುಕೊಳ್ಳುವುದಿದೆ. ಪಕ್ಕದ ಮನೆಯವರೆಲ್ಲ ಪಾಸಾಗಿರುವಾಗ ಫೇಲಾದ ದೂರದ ನೆಂಟನನ್ನು ತೋರಿಸುವ ಚಾಳಿ ಅದು.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ರಾಜ್ಯ ಬೆಚ್ಚಿಬಿತ್ತು. ಐವರು ಹೋದರು. ಡ್ರಿಪ್‌ನಲ್ಲಿ ಕೊಟ್ಟ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂತು, ಅಧಿಕಾರಿಗಳ ತಲೆದಂಡವಾಯಿತು, ವಿಧಾನಮಂಡಲದಲ್ಲಿ ಗದ್ದಲವಾಯಿತು. ಆಮೇಲೆ ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲನೆಗೆ ಒಪ್ಪಿಸಿತು. ಅವುಗಳಲ್ಲಿ ಶೇ 70ರಷ್ಟನ್ನು ತಪ್ಪಿಸಬಹುದಿತ್ತು ಎಂಬ ಉತ್ತರ ಬಂತು. ಈ ಮಾತು ಹೇಳಿದ್ದು ವಿರೋಧ ಪಕ್ಷವಲ್ಲ, ಸರ್ಕಾರದ್ದೇ ಪರಿಶೀಲನೆ. ಅಲ್ಲಿಗೆ ಈ ವಿಷಯದಲ್ಲಿ ವಾದ ಮುಗಿದಂತೆಯೇ. ಆದರೆ ಬಳ್ಳಾರಿಯ ಸಾವುಗಳು ಒಂದೇ ಆಸ್ಪತ್ರೆಯಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಎಲ್ಲರ ಕಣ್ಣೆದುರು ಆದದ್ದರಿಂದ ಸುದ್ದಿಯಾದವು. ತವರುಮನೆಯ ಬಾಣಂತಿ ಕೋಣೆಯಲ್ಲಿ ಹತ್ತನೆಯ ದಿನ ರಕ್ತ ಹೋಗಿ, ಬಾಡಿಗೆ ಕಾರಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ದು, ಅಲ್ಲಿಂದ ಜಿಲ್ಲೆಗೆ ಕಳಿಸಿ, ದಾರಿಯಲ್ಲಿ ಉಸಿರು ನಿಂತವಳ ಹೆಸರಿನಲ್ಲಿ ಯಾವ ಸದನದಲ್ಲೂ ಬಾವಿಗಿಳಿದ ಶಾಸಕರಿಲ್ಲ. ಹೆರಿಗೆ ಮಾಡಿಸಿದ ಆಸ್ಪತ್ರೆಗೆ ಅವಳು ಸತ್ತ ವಿಷಯ ಗೊತ್ತಾಗುವುದೂ ಅನುಮಾನ. ಅದರ ರಿಜಿಸ್ಟರಿನಲ್ಲಿ ಅವಳು ಕ್ಷೇಮವಾಗಿ ಮನೆಗೆ ಹೋದವಳು.

ಕಾರಣ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಿದರೆ, ಮೊದಲ ಹೊಣೆ ಆಸ್ಪತ್ರೆಯದು ಎಂಬ ನಮ್ಮ ತೀರ್ಪು ಕಠಿಣ ಎನಿಸುವುದಿಲ್ಲ. ತಡವಾಗಿ ಬರುವ ರಕ್ತಸ್ರಾವದ ಬೀಜ ಬಹಳ ಸಲ ಹೆರಿಗೆ ಕೋಣೆಯಲ್ಲೇ ಬಿದ್ದಿರುತ್ತದೆ. ಕಸದ ಒಂದು ಚೂರೋ ಪೊರೆಯ ಒಂದು ತುಣುಕೋ ಗರ್ಭಕೋಶದಲ್ಲಿ ಉಳಿದುಬಿಡುವುದು ಅದರ ಮುಖ್ಯ ಕಾರಣಗಳಲ್ಲಿ ಒಂದು. ಇದನ್ನು ಪತ್ತೆ ಹಚ್ಚಲು ಯಂತ್ರ ಬೇಕಿಲ್ಲ. ಸುಮಾರು ಅರ್ಧ ಕಿಲೋ ತೂಗುವ ಕಸವನ್ನು ಟ್ರೇಯಲ್ಲಿ ಮಗುಚಿ ಹರಡಿ, ಮೇಲಿನ ರಕ್ತವನ್ನು ತೊಳೆದು, ತಾಯಿಯ ಕಡೆಯ ಮೈಯನ್ನು ಬೆಳಕಿನಲ್ಲಿ ನೋಡಬೇಕು. ಹದಿನೈದು ಇಪ್ಪತ್ತು ದಿಂಡುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ನಡುವೆ ಎಲ್ಲಾದರೂ ಹರಿದ ಕುಳಿ ಇದ್ದರೆ ಅಲ್ಲಿಯ ದಿಂಡು ಒಳಗೆ ಉಳಿದಿದೆ ಎಂದರ್ಥ. ಆಮೇಲೆ ಬಳ್ಳಿ ಹಿಡಿದು ಮೇಲೆತ್ತಿದರೆ ಪೊರೆಗಳು ಚೀಲದಂತೆ ಇಳಿಬೀಳುತ್ತವೆ. ಚೀಲ ಪೂರ್ತಿ ಇದೆಯೋ ಹರಿದಿದೆಯೋ ಕಾಣುತ್ತದೆ. ಅಂಚಿನ ತನಕ ಬಂದ ರಕ್ತನಾಳವೊಂದು ಅಲ್ಲಿಗೇ ಕತ್ತರಿಸಿದಂತೆ ನಿಂತಿದ್ದರೆ, ಕಸದಿಂದ ಬೇರೆಯಾಗಿ ಬೆಳೆದ ಮರಿದಿಂಡೊಂದು ಒಳಗಿರಬಹುದು ಎಂಬ ಸುಳಿವು ಅದು. ಪಳಗಿದ ಸೂಲಗಿತ್ತಿಯರೂ ಕಸ ಪೂರ್ತಿ ಬಿತ್ತೇ ಎಂದು ನೋಡದೆ ಅದನ್ನು ಹೂಳಲು ಕೊಡುತ್ತಿರಲಿಲ್ಲ. ಇಷ್ಟಕ್ಕೆಲ್ಲ ಎರಡು ನಿಮಿಷ ಸಾಕು. ಒಂದೇ ರಾತ್ರಿ ಹತ್ತಾರು ಹೆರಿಗೆ ಮಾಡಿಸುವ ಸಿಸ್ಟರಿಗೆ ಆ ಎರಡು ನಿಮಿಷ ಸಿಗುವುದಿಲ್ಲ, ಕಸ ನೇರವಾಗಿ ಹಳದಿ ಚೀಲಕ್ಕೆ ಹೋಗುತ್ತದೆ, ಕೇಸ್ ಶೀಟಿನಲ್ಲಿ ಮಾತ್ರ ಪೂರ್ತಿ ಬಿದ್ದಿದೆ ಎಂದು ದಾಖಲಾಗುತ್ತದೆ. ನೋಡದೆ ಬರೆದ ಆ ಸಾಲಿಗೆ ಸಹಿ ಹಾಕಿದವರು ಯಾರೋ, ಆ ಸಿಸ್ಟರಿನ ಮೇಲೆ ಅಷ್ಟು ಹೊರೆ ಹೊರಿಸಿದವರು ಯಾರೋ, ಇಬ್ಬರೂ ಉತ್ತರ ಕೊಡಬೇಕು.

ಇನ್ನೊಂದು ದೊಡ್ಡ ಕಾರಣ ಸೋಂಕು. ನೀರು ಒಡೆದು ಬಹಳ ಹೊತ್ತಾದ ಹೆರಿಗೆ, ಪದೇ ಪದೇ ಕೈ ಹಾಕಿ ನೋಡಿದ ಹೆರಿಗೆ, ತುರ್ತಾಗಿ ಮಾಡಿದ ಸಿಸೇರಿಯನ್, ಇವುಗಳ ನಂತರ ಗರ್ಭಕೋಶದ ಒಳಪದರಕ್ಕೆ ನಂಜೇರುತ್ತದೆ. ಜ್ವರ, ಕೆಳಹೊಟ್ಟೆ ನೋವು, ಕೆಟ್ಟ ವಾಸನೆಯ ಸ್ರಾವ ಇವು ಲಕ್ಷಣ. ಕಸ ಅಂಟಿದ್ದ ಜಾಗದ ರಕ್ತನಾಳಗಳು ತಾವಾಗಿ ಮುಚ್ಚಿಕೊಳ್ಳದೆ ಸಡಿಲವಾಗಿ ಉಳಿಯುವುದೂ ಉಂಟು. ಸೋಂಕು, ಉಳಿದ ಚೂರು, ಸಡಿಲ ಗರ್ಭಕೋಶ ಈ ಮೂರೂ ಒಂದನ್ನೊಂದು ಪೋಷಿಸುತ್ತವೆ. ಒಬ್ಬಳಲ್ಲೇ ಮೂರೂ ಇರುವುದು ಅಪರೂಪವಲ್ಲ. ಸಿಸೇರಿಯನ್ನಿನ ಒಳಹೊಲಿಗೆಯ ಜಾಗ ಕೊಳೆತು ಬಿಚ್ಚಿಕೊಳ್ಳುವುದು, ಆಪರೇಷನ್ನಿನಲ್ಲಿ ಪೆಟ್ಟಾದ ಗರ್ಭಕೋಶದ ಅಪಧಮನಿ ಬಲೂನಿನಂತೆ ಉಬ್ಬಿ ಒಂದು ದಿನ ಒಡೆಯುವುದು, ಇವು ಇನ್ನೂ ಅಪಾಯಕಾರಿ. ರಾಜ್ಯದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು. ಹೊಟ್ಟೆ ಕೊಯ್ಯುವುದನ್ನು ಇಷ್ಟು ಸಲೀಸು ಮಾಡಿಕೊಂಡವರು ಅದರ ತಡವಾದ ತೊಂದರೆಗಳನ್ನು ಎದುರಿಸಲೂ ತಯಾರಿರಬೇಕಲ್ಲವೆ?

ಅಪರೂಪದ ಕಾರಣಗಳೂ ಇವೆ. ರಕ್ತ ಹೆಪ್ಪುಗಟ್ಟದ ಹುಟ್ಟು ದೋಷಗಳಲ್ಲಿ ಸಾಮಾನ್ಯವಾದ ವಾನ್ ವಿಲ್ಲಿಬ್ರಾಂಡ್ ಕಾಯಿಲೆ ಇದ್ದವರಲ್ಲಿ ಬಸಿರಿನ ಕಾಲದಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶ ಏರಿ ದೋಷವನ್ನು ಮುಚ್ಚುತ್ತದೆ, ಹೆರಿಗೆಯಾದ ಒಂದೆರಡು ವಾರದಲ್ಲಿ ಇಳಿಯುತ್ತದೆ. ಹೆರಿಗೆಯ ದಿನ ಏನೂ ಆಗದವಳಿಗೆ ಮನೆಯಲ್ಲಿ ರಕ್ತ ಹರಿಯುವುದು ಹೀಗೆ. ಮೊದಲಿನಿಂದಲೂ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತೇ, ಹಲ್ಲು ಕೀಳಿಸಿದಾಗ ರಕ್ತ ನಿಂತಿರಲಿಲ್ಲವೇ ಎಂದು ಬಸುರಿಯ ಮೊದಲ ತಪಾಸಣೆಯಲ್ಲೇ ಕೇಳಿದ್ದರೆ ಗೊತ್ತಾಗುತ್ತಿತ್ತು. ಬಹಳ ವಿರಳವಾಗಿ ಕಸದ ಜೀವಕೋಶಗಳಿಂದಲೇ ಹುಟ್ಟುವ ಕ್ಯಾನ್ಸರ್ ಕೂಡ ಹೀಗೆ ತಲೆ ತೋರಿಸುತ್ತದೆ; ವಾರಗಟ್ಟಲೆ ನಿಲ್ಲದ ರಕ್ತಕ್ಕೆ ಬಸಿರಿನ ಪರೀಕ್ಷೆಯ ಹಾರ್ಮೋನನ್ನು ಅಳೆಯಲೇಬೇಕಾದ್ದು ಅದಕ್ಕೆ.

ಈಗ ಮನೆಯ ಮಾತು. ಬಾಣಂತನ ಎಂಬುದು ಈ ನೆಲದ ಹೆಂಗಸರು ಕಟ್ಟಿಕೊಂಡ ಒಳ್ಳೆಯ ವ್ಯವಸ್ಥೆ. ಹೆತ್ತವಳಿಗೆ ವಿಶ್ರಾಂತಿ, ಬಿಸಿ ಊಟ, ಎಣ್ಣೆ ನೀರು, ಪಕ್ಕದಲ್ಲೊಬ್ಬ ಅನುಭವಸ್ಥೆ, ಇದನ್ನು ಹಳ್ಳಿಗಾಡಿನ ಮೌಢ್ಯ ಎಂದು ತಳ್ಳಿಹಾಕುವವರ ಜೊತೆ ನಮ್ಮ ಸಹಮತವಿಲ್ಲ. ನಮ್ಮ ತಕರಾರು ಅದರೊಳಗೆ ಕೂತಿರುವ ಒಂದು ನಂಬಿಕೆಯ ಮೇಲೆ. ಕೆಟ್ಟ ರಕ್ತ ಹೋಗ್ತಾ ಇದೆ, ಹೋದಷ್ಟೂ ಒಳ್ಳೇದು ಬಿಡು ಎನ್ನುವ ಅಜ್ಜಿಯ ಮಾತು ಹೆಂಗಸರ ಜೀವ ತೆಗೆದಿದೆ. ಗರ್ಭಕೋಶದಿಂದ ಹರಿಯುವುದು ಕೆಟ್ಟದ್ದೂ ಅಲ್ಲ, ಬೇರೆಯದೂ ಅಲ್ಲ. ಹೃದಯ ಮೆದುಳುಗಳಲ್ಲಿ ಓಡುವ ರಕ್ತವೇ ಅದು. ಹೆರಿಗೆಯಾದ ಮೊದಲ ಮೂರು ನಾಲ್ಕು ದಿನ ಕೆಂಪಾಗಿ ಹೋಗುವುದು ಸಹಜ. ಆಮೇಲೆ ಅದು ಕಂದು ಗುಲಾಬಿಗೆ ತಿರುಗಿ, ಹತ್ತು ದಿನದ ಹೊತ್ತಿಗೆ ತೆಳುವಾಗಿ, ಮುಂದಿನ ವಾರಗಳಲ್ಲಿ ಬಿಳಿಯಾಗಿ ನಿಲ್ಲಬೇಕು. ಕಸ ಅಂಟಿದ್ದ ಗಾಯದ ಹಕ್ಕಳೆ ಏಳನೆಯ ದಿನದಿಂದ ಹದಿನಾಲ್ಕನೆಯ ದಿನದೊಳಗೆ ಕಳಚುವಾಗ ಸ್ವಲ್ಪ ಹೊತ್ತು ಕೆಂಪು ಹೆಚ್ಚುವುದುಂಟು. ಅದು ಒಂದೆರಡು ಗಂಟೆಯಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಕಷಾಯ ಕಾಯಿಸುತ್ತ ಕೂರುವ ಹೊತ್ತು ಅದಲ್ಲ.

ಮೈಲಿಗೆಯ ಕಟ್ಟಳೆ ಇದಕ್ಕೆ ಇನ್ನಷ್ಟು ಕತ್ತಲೆ ಕವಿಸಿದೆ. ಬಟ್ಟೆಯನ್ನು ಬಾಣಂತಿಯೇ ಯಾರ ಕಣ್ಣಿಗೂ ಬೀಳದಂತೆ ಒಗೆದುಕೊಳ್ಳುವ ಮನೆಗಳಲ್ಲಿ ಎಷ್ಟು ರಕ್ತ ಹೋಗುತ್ತಿದೆ ಎಂದು ಅವಳಿಗಲ್ಲದೆ ಇನ್ಯಾರಿಗೂ ತಿಳಿಯುವುದಿಲ್ಲ. ಇಪ್ಪತ್ತರ ಹರೆಯದ ಚೊಚ್ಚಲ ಬಾಣಂತಿಗೆ ಎಷ್ಟು ಹೆಚ್ಚು ಎಂಬ ಅಂದಾಜೂ ಇರುವುದಿಲ್ಲ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಇವತ್ತಿಗೂ ಬಾಣಂತಿಯನ್ನು ಊರಾಚೆಯ ಗುಡಿಸಲಿನಲ್ಲಿ ಇಡುತ್ತಾರೆ. 2023ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಅಂಥ ಗುಡಿಸಲಿನಲ್ಲಿದ್ದ ಹಸುಗೂಸು ಸತ್ತ ಮೇಲೆ ಅಧಿಕಾರಿಗಳ ದಂಡು ಅಲ್ಲಿಗೆ ಹೋಯಿತು. ನಡುರಾತ್ರಿ ರಕ್ತ ಹರಿದರೆ ಆ ಗುಡಿಸಲಿನಿಂದ ಕೂಗಿದ ದನಿ ಯಾರಿಗೆ ಕೇಳಬೇಕು?

ಮೈ ಕೂಡ ಮೋಸ ಮಾಡುತ್ತದೆ. ಎಳೆಯ ವಯಸ್ಸಿನ ಹೆಂಗಸಿನ ರಕ್ತದೊತ್ತಡ ಒಂದು ಲೀಟರ್ ರಕ್ತ ಹೋಗುವ ತನಕ ಸರಿಯಾಗಿಯೇ ಇದ್ದು ಆಮೇಲೆ ಒಮ್ಮೆಗೇ ಕುಸಿಯಬಹುದು. ಮೊದಲು ಏರುವುದು ನಾಡಿ. ಬಸಿರಿನಲ್ಲಿ ಶೇ 40ರಷ್ಟು ಹೆಚ್ಚಿದ್ದ ರಕ್ತದ ಪ್ರಮಾಣ ಹೆರಿಗೆಯ ನಂತರದ ವಾರಗಳಲ್ಲಿ ಇಳಿಯುವುದರಿಂದ, ಹೆರಿಗೆಯ ಮೇಜಿನ ಮೇಲೆ ತಡೆದುಕೊಂಡಷ್ಟು ನಷ್ಟವನ್ನು ಹತ್ತನೆಯ ದಿನ ಅದೇ ಹೆಂಗಸು ತಡೆದುಕೊಳ್ಳಲಾರಳು. ಇದರ ಮೇಲೆ ರಕ್ತಹೀನತೆ. ರಾಜ್ಯದ ಬಸುರಿಯರಲ್ಲಿ ಶೇ 45.7 ಮಂದಿಗೆ ಅದಿದೆ ಎಂದು ಸಮೀಕ್ಷೆ ಹೇಳಿತ್ತು, ಅದಕ್ಕೆ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕಬ್ಬಿಣದ ಮಾತ್ರೆ ಹಂಚಿದ ಲೆಕ್ಕ ನಮ್ಮಲ್ಲಿದೆ, ನುಂಗಿದ ಲೆಕ್ಕವಿಲ್ಲ.

ಹಾಗಾದರೆ ಮನೆಗೆ ಹೋದವಳ ಮೇಲೆ ಸರ್ಕಾರಕ್ಕೆ ಕಣ್ಣೇ ಇಲ್ಲವೇ? ಕಾಗದದ ಮೇಲೆ ಇದೆ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನ ಹೀಗೆ ಆರು ಸಲ ಹೋಗಬೇಕು. ಅವಳ ನಮೂನೆಯಲ್ಲಿ ತಾಯಿಗೆ ಕೇಳಬೇಕಾದ ಪ್ರಶ್ನೆಯೂ ಇದೆ: ದಿನಕ್ಕೆ ಎಷ್ಟು ಪ್ಯಾಡ್ ಬದಲಿಸುತ್ತೀ? ಐದಕ್ಕಿಂತ ಹೆಚ್ಚಾದರೆ ಆಸ್ಪತ್ರೆಗೆ ಕಳಿಸಬೇಕು. ಪ್ರಶ್ನೆ ಬರೆದವರು ಜಾಣರೇ. ಆದರೆ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿಕೊಳ್ಳುವ ಮನೆಯಲ್ಲಿ ಪ್ಯಾಡಿನ ಎಣಿಕೆಗೆ ಅರ್ಥವಿಲ್ಲ; ಒಂದೇ ಬಟ್ಟೆ ಮೂರು ಪ್ಯಾಡಿನಷ್ಟು ಕುಡಿದಿರುತ್ತದೆ. ಅದಕ್ಕಿಂತ ದೊಡ್ಡ ಕಂಡಿ ತವರು. ಬಸುರಿ ನೋಂದಣಿ ಗಂಡನ ಊರಿನಲ್ಲಿ, ಹೆರಿಗೆ ಮೂರನೆಯ ಊರಿನ ಆಸ್ಪತ್ರೆಯಲ್ಲಿ, ಬಾಣಂತನ ತವರಿನಲ್ಲಿ. ಗಂಡನ ಊರಿನ ಆಶಾ ಪಾಲಿಗೆ ಅವಳು ಊರಲ್ಲಿಲ್ಲ, ತವರಿನ ಆಶಾ ಪಾಲಿಗೆ ಅವಳು ಪಟ್ಟಿಯಲ್ಲಿಲ್ಲ. ಇಡೀ ನಾಡು ಹೆಣ್ಣುಮಗಳನ್ನು ಬಾಣಂತನಕ್ಕೆ ತವರಿಗೆ ಕಳಿಸುತ್ತದೆ ಎಂಬುದು ಆರೋಗ್ಯ ಇಲಾಖೆಗೆ ತಿಳಿಯದ ಗುಟ್ಟೇ? ಬೆರಳೊತ್ತಿದರೆ ಪಡಿತರ ಯಾವ ಊರಿನಲ್ಲಾದರೂ ಸಿಗುವ ಕಾಲದಲ್ಲಿ ಬಾಣಂತಿಯ ಹೆಸರೊಂದು ಪಕ್ಕದ ತಾಲ್ಲೂಕಿಗೆ ಹೋಗುವುದಿಲ್ಲ ಎಂದರೆ ನಂಬಬೇಕೆ? ಆಶಾಗೆ ಈ ಎಲ್ಲ ಭೇಟಿಗೂ ಸೇರಿ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಅದನ್ನೂ ತಿಂಗಳುಗಟ್ಟಲೆ ಸತಾಯಿಸಿ ಕೊಡುವವರಿಗೆ ಅವಳನ್ನು ಬೈಯುವ ಹಕ್ಕಿಲ್ಲ.

ಆಸ್ಪತ್ರೆ ಮುಟ್ಟಿದ ಮೇಲಿನ ಕಥೆಗೆ ಬರೋಣ. ರಕ್ತ ಸುರಿಸಿಕೊಂಡು ಬಂದವಳಿಗೆ ಮೊದಲು ಎರಡು ದಪ್ಪ ಸೂಜಿ, ಡ್ರಿಪ್, ಆಮ್ಲಜನಕ, ರಕ್ತದ ಗುಂಪು ಪರೀಕ್ಷೆ. ಗರ್ಭಕೋಶ ಬಿಗಿಯಲು ಆಕ್ಸಿಟೋಸಿನ್, ಬಿ.ಪಿ. ಹೆಚ್ಚಿಲ್ಲದಿದ್ದರೆ ಎರ್ಗೊಮೆಟ್ರಿನ್, ಬೇಕಾದರೆ ಮಿಸೊಪ್ರೊಸ್ಟಾಲ್, ಆಸ್ತಮಾ ಇಲ್ಲದವರಿಗೆ ಕಾರ್ಬೊಪ್ರೊಸ್ಟ್. ಮೂತ್ರಕೋಶ ಖಾಲಿ ಇರಬೇಕು. ಟ್ರಾನೆಕ್ಸಾಮಿಕ್ ಆಮ್ಲ ಒಂದು ಗ್ರಾಂ ನಿಧಾನಕ್ಕೆ ನರದಲ್ಲಿ. 21 ದೇಶಗಳ 20,060 ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ವುಮನ್ ಪ್ರಯೋಗ, ಹೆರಿಗೆಯಾದ ಮೂರು ಗಂಟೆಯೊಳಗೆ ಈ ಔಷಧಿ ಕೊಟ್ಟರೆ ರಕ್ತಸ್ರಾವದ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿತು. ತಡವಾದ ರಕ್ತಸ್ರಾವಕ್ಕೆ ಅಷ್ಟು ಗಟ್ಟಿ ಪುರಾವೆ ಇಲ್ಲದಿದ್ದರೂ ವೈದ್ಯರು ಬಳಸುತ್ತಾರೆ, ಬಳಸುವುದು ಸರಿಯೇ. ಜ್ವರವೋ ವಾಸನೆಯೋ ಇದ್ದರೆ ಆಂಟಿಬಯೋಟಿಕ್ಕನ್ನು ನರದ ಮೂಲಕ ತಡಮಾಡದೆ ಆರಂಭಿಸಬೇಕು. ಕ್ಲಿಂಡಾಮೈಸಿನ್ ಜೊತೆ ಜೆಂಟಾಮೈಸಿನ್ ಇದಕ್ಕೆ ಹಳೆಯ ನಂಬುಗೆಯ ಜೋಡಿ. ಎಷ್ಟೋ ಜನರಲ್ಲಿ ಇಷ್ಟಕ್ಕೇ ರಕ್ತ ನಿಲ್ಲುತ್ತದೆ. ಇದೆಲ್ಲ ತಾಲ್ಲೂಕು ಆಸ್ಪತ್ರೆಯಲ್ಲಿ ಆಗಬೇಕಾದ, ಆಗಬಹುದಾದ ಕೆಲಸ. ಅಲ್ಲಿ ಆಗುವುದು ಒಂದೇ ಕೆಲಸ: ರೆಫರ್. ರಕ್ತ ಇಲ್ಲ, ಅರಿವಳಿಕೆ ಡಾಕ್ಟರು ರಜೆ, ಸ್ಕ್ಯಾನಿಂಗ್‌ನವರು ಸೋಮವಾರ ಬರುತ್ತಾರೆ. ಡ್ರಿಪ್ ಕೂಡ ಹಾಕದೆ ಜಿಲ್ಲಾ ಆಸ್ಪತ್ರೆಯ ದಾರಿ ತೋರಿಸುವುದನ್ನು ವೈದ್ಯಕೀಯ ಸಲಹೆ ಎಂದು ನಾವು ಒಪ್ಪುವುದಿಲ್ಲ. ಹೆರಿಗೆ ಮಾಡಿಸುವ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಶೇಖರಣಾ ಘಟಕ ಬೀಗ ಹಾಕಿದ ಫ್ರಿಜ್ ಆಗಿದ್ದರೆ ಆ ಬೀಗದ ಕೈ ಯಾರ ಜೇಬಿನಲ್ಲಿದೆ ಎಂದು ಜಿಲ್ಲಾಧಿಕಾರಿ ಕೇಳಬೇಕು.

ಇದರ ಎದುರು ತುದಿಯ ಅಪರಾಧವೂ ಇದೆ, ಅದು ಹೆಚ್ಚಾಗಿ ಸಣ್ಣ ಖಾಸಗಿ ನರ್ಸಿಂಗ್ ಹೋಮುಗಳದು. ರಕ್ತ ಕಂಡ ಕೂಡಲೇ ಕ್ಲೀನ್ ಮಾಡಿಬಿಡೋಣ ಎನ್ನುವುದು. ಹೆರಿಗೆಯಾದ ಗರ್ಭಕೋಶದ ಗೋಡೆ ಮೆತ್ತಗಿರುತ್ತದೆ; ಕಣ್ಣುಕಟ್ಟಿ ಕೆರೆದರೆ ತೂತು ಬೀಳುತ್ತದೆ, ಇಲ್ಲವೇ ಒಳಪದರವೇ ಎದ್ದುಹೋಗಿ ಗೋಡೆಗಳು ಅಂಟಿಕೊಂಡು ಮುಂದೆ ಮುಟ್ಟೂ ಇಲ್ಲ, ಮಗುವೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಹೆಪ್ಪುಗಟ್ಟಿದ ರಕ್ತವೂ ಉಳಿದ ಚೂರೂ ಒಂದೇ ಥರ ಕಾಣುವುದುಂಟು. ಅದಕ್ಕೇ ಕಲರ್ ಡಾಪ್ಲರ್‌ನಲ್ಲಿ ರಕ್ತದ ಓಟ ನೋಡಬೇಕು. ಒಳಗಿರುವುದು ಉಬ್ಬಿದ ಅಪಧಮನಿಯಾಗಿದ್ದರೆ ಅದಕ್ಕೆ ಕೆರೆಯುವ ಉಪಕರಣ ತಾಗಿಸಿದವನು ಅಣೆಕಟ್ಟೆಯ ಗೇಟು ಮುರಿದಂತೆಯೇ. ಅಂಥವಳಿಗೆ ಬೇಕಾದ್ದು ತೊಡೆಯ ಅಥವಾ ಕೈಯ ರಕ್ತನಾಳದಿಂದ ಸಣ್ಣ ಕೊಳವೆ ಹಾಯಿಸಿ ಆ ನಾಳವನ್ನು ಮುಚ್ಚುವ ಎಂಬೊಲೈಸೇಷನ್. ಗರ್ಭಕೋಶ ಉಳಿಯುತ್ತದೆ, ಹೆಂಗಸೂ ಉಳಿಯುತ್ತಾಳೆ. ಈ ಸೌಲಭ್ಯ ಬೆಂಗಳೂರಿನಂಥ ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಲೀಸಾಗಿ ಸಿಗುತ್ತದೆ. ಉಳಿದ ಕಡೆ ಗರ್ಭಕೋಶವನ್ನೇ ತೆಗೆಯುತ್ತಾರೆ. ಜೀವ ಉಳಿಸಲು ತೆಗೆಯಲೇಬೇಕಾದ ಗಳಿಗೆ ಇದೆ, ಆಗ ಹಿಂದೆಮುಂದೆ ನೋಡಬಾರದು. ಆದರೆ ಚೂರು ಉಳಿದದ್ದು ಖಚಿತವಾದಾಗ ಆಂಟಿಬಯೋಟಿಕ್ ಕೊಟ್ಟು, ಸ್ಕ್ಯಾನಿಂಗ್ ನೋಡಿಕೊಂಡೇ, ಅನುಭವಿ ಕೈಯಿಂದ ಹೀರಿ ತೆಗೆಯಬೇಕೆಂಬ ನಿಯಮ ಪಾಲಿಸಿದ್ದರೆ ಆ ಗಳಿಗೆ ಎಷ್ಟೋ ಜನರಿಗೆ ಬರುತ್ತಲೇ ಇರಲಿಲ್ಲ.

ಈ ನಾಡಿಗೆ ಹೆರಿಗೆಯ ರಕ್ತಸ್ರಾವವನ್ನು ಗೆಲ್ಲುವ ವಿದ್ಯೆ ಹೊರಗಿನಿಂದ ಬರಬೇಕಿಲ್ಲ ಎಂಬುದೇ ಹೆಚ್ಚು ಸಿಟ್ಟು ತರಿಸುವ ಸಂಗತಿ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆಸಿದ ಪ್ರಯೋಗ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಸಹಾಯಕ ನರ್ಸುಗಳು ಹೆರಿಗೆಯಾದ ಕೂಡಲೇ ಬಾಯಿಗೆ ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿದಿತ್ತು. ರಕ್ತ ಅಳೆಯಲು ಅವರು ಬಳಸಿದ್ದು ಹೆತ್ತವಳ ಸೊಂಟದಡಿ ಹಾಸುವ ಪ್ಲಾಸ್ಟಿಕ್ ಹಾಳೆ. ತುದಿಯ ಚೀಲದಲ್ಲಿ ಇಷ್ಟು ಮಿಲಿಲೀಟರ್ ಎಂದು ಗೆರೆ ಹಾಕಿರುತ್ತದೆ. ಕಣ್ಣಂದಾಜು ಎಷ್ಟು ಸುಳ್ಳು ಎಂದು ಆ ಚೀಲ ತೋರಿಸಿಕೊಟ್ಟಿತು. ಗೆರೆಯ ಚೀಲವನ್ನೇ ಮುಂದಿಟ್ಟುಕೊಂಡು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಪ್ರಯೋಗ 2023ರಲ್ಲಿ ಗಂಭೀರ ರಕ್ತಸ್ರಾವದ ಪ್ರಕರಣಗಳನ್ನು ಶೇ 60ರಷ್ಟು ಇಳಿಸಿತು. ಹೆರಿಗೆಯ ದಿನದ ರಕ್ತಕ್ಕೆ ಹೀಗೆ ಗೆರೆ ಎಳೆದು ಅಳೆದ ಜಗತ್ತಿನಲ್ಲಿ ಎರಡನೆಯ ವಾರದ ರಕ್ತವನ್ನು ಕೇಳಿದವರಿಲ್ಲ. ತಡವಾದ ರಕ್ತಸ್ರಾವದ ಚಿಕಿತ್ಸೆಗಳನ್ನು ಹೋಲಿಸಿದ ಪ್ರಯೋಗಗಳನ್ನು ಹುಡುಕಿ ಕೋಕ್ರೇನ್ ಸಂಸ್ಥೆಯ ವಿಮರ್ಶಕರು 2002ರಲ್ಲಿ ಹೊರಟಾಗ ಮಾನದಂಡಕ್ಕೆ ನಿಲ್ಲುವ ಒಂದೇ ಒಂದು ಪ್ರಯೋಗವೂ ಅವರಿಗೆ ಸಿಗಲಿಲ್ಲ. ವೈದ್ಯಕೀಯ ಸಂಶೋಧನೆಯೂ ಡಿಸ್ಚಾರ್ಜ್ ಚೀಟಿಯ ಜೊತೆ ಕೈತೊಳೆದುಕೊಳ್ಳುತ್ತದೆ ಎಂದಾಯಿತು. ಬೆಳಗಾವಿಯ ಹೆಸರನ್ನು ಭಾಷಣದಲ್ಲಿ ಹೊಗಳುವ ಸರ್ಕಾರ ಈ ಖಾಲಿ ಜಾಗವನ್ನು ತುಂಬಲು ಅದೇ ಬೆಳಗಾವಿಗೆ ದುಡ್ಡು ಕೊಡಲಿ.

ಇನ್ನು ಆ ಡಿಸ್ಚಾರ್ಜ್ ಚೀಟಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್ನಿಗೆ ಏಳು ದಿನ ಆಸ್ಪತ್ರೆಯಲ್ಲಿ ಉಚಿತ ಊಟ ಕೊಡುತ್ತದೆ. ಚಿಕಿತ್ಸೆಯ ಹಕ್ಕು 42 ದಿನದ್ದು. ಮಂಚ ಸಾಲದ ವಾರ್ಡುಗಳಲ್ಲಿ ಮರುದಿನವೇ ಗಂಟುಮೂಟೆ ಕಟ್ಟಿಸುತ್ತಾರೆ. ಕೈಗೆ ಬರುವ ಚೀಟಿಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ನೋವಿನ ಮಾತ್ರೆಯ ಹೆಸರುಗಳು ಇಂಗ್ಲಿಷಿನ ಕೋಳಿಕಾಲು ಬರಹದಲ್ಲಿ. ಮಗುವಿನ ಲಸಿಕೆಯ ತಾರೀಕನ್ನು ಎರಡು ಸಲ ಹೇಳಿ ಕಳಿಸುವ ಸಿಸ್ಟರು ತಾಯಿಗೆ ರಕ್ತ ಹೆಚ್ಚಾದರೆ ಏನು ಮಾಡಬೇಕೆಂದು ಒಂದು ಸಲವೂ ಹೇಳುವುದಿಲ್ಲ. ಈ ಮಾತು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚಾಗಿ ತಾಯಿ ಕಾರ್ಡಿನ ಕೊನೆಯ ಪುಟಕ್ಕೆ ಅಂಟಲು ಎಷ್ಟು ಖರ್ಚು? ಅದನ್ನು ಬಾಣಂತಿಗೂ, ಅವಳ ಅವ್ವನಿಗೂ, ಬಂದಿದ್ದರೆ ಗಂಡನಿಗೂ ಓದಿ ಹೇಳದೆ ಯಾರನ್ನೂ ಬಿಡುಗಡೆ ಮಾಡಕೂಡದು. ಕಸ ನೋಡಿದವರ ಹೆಸರು ಕೇಸ್ ಶೀಟಿನಲ್ಲಿರಬೇಕು. ಬಾಣಂತಿ ಯಾವ ಊರಿಗೆ ಹೋಗುತ್ತಾಳೆಂದು ಕೇಳಿ ಆ ಊರಿನ ಆಶಾಗೆ ಅವತ್ತೇ ಫೋನು ಹೋಗಬೇಕು. 42 ದಿನದೊಳಗೆ ಎಲ್ಲೇ ಸತ್ತ ಬಾಣಂತಿಯ ಲೆಕ್ಕ ಹೆರಿಗೆ ಮಾಡಿಸಿದ ಆಸ್ಪತ್ರೆಯ ಪುಸ್ತಕಕ್ಕೂ ಸೇರಬೇಕು, ಅದು ಸರ್ಕಾರಿಯಾಗಲಿ ಖಾಸಗಿಯಾಗಲಿ. ಪ್ರತಿ ಸಾವಿನ ಪರಿಶೀಲನೆಯಲ್ಲಿ ಹೆಸರು ಮುಚ್ಚಿಟ್ಟಾದರೂ ಕಾರಣವನ್ನು ಜನರ ಮುಂದಿಡಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಟ್ಟಡ ಬೇಡ, ಸಮಿತಿ ಬೇಡ. ಆರೋಗ್ಯ ಇಲಾಖೆಯ ಒಂದು ಸುತ್ತೋಲೆ, ಅದನ್ನು ಪಾಲಿಸದವರ ಮೇಲೆ ಕ್ರಮ, ಇಷ್ಟು ಸಾಕು. ಇಷ್ಟನ್ನೂ ಮಾಡದ ಇಲಾಖೆ ಮುಂದಿನ ಬಾಣಂತಿಯ ಸಾವಿಗೆ ಶೋಕ ವ್ಯಕ್ತಪಡಿಸುವ ತೊಂದರೆ ತೆಗೆದುಕೊಳ್ಳುವುದು ಬೇಡ.

ಸುತ್ತೋಲೆ ಬರುವ ತನಕ ಓದುಗರು ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ರಕ್ತದ ಬಟ್ಟೆಯನ್ನು ಇನ್ನೊಬ್ಬ ಹಿರಿಯಳೂ ದಿನಾ ನೋಡಲಿ. ಒಂದು ಗಂಟೆಯೊಳಗೆ ಒಂದು ಪ್ಯಾಡೋ ಬಟ್ಟೆಯೋ ಪೂರ್ತಿ ತೊಯ್ದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆಗಳು ಬಿದ್ದರೆ, ತಿಳಿಯಾಗಿದ್ದ ಸ್ರಾವ ಮತ್ತೆ ಕಡುಕೆಂಪಾಗಿ ನಿಲ್ಲದಿದ್ದರೆ, ವಾಸನೆ, ಜ್ವರ, ಎದೆಬಡಿತ, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎನ್ನದೆ 108ಕ್ಕೆ ಫೋನು ಮಾಡಿ. ತಾಯಿ ಕಾರ್ಡು ಮತ್ತು ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ರಕ್ತ ಕೊಡಬಲ್ಲ ಇಬ್ಬರು ಜೊತೆಗೆ ಹೋಗಲಿ. ಆಸ್ಪತ್ರೆಯ ಬಾಗಿಲಲ್ಲಿ ಮೊಟ್ಟಮೊದಲು ಹೇಳಬೇಕಾದ ಮಾತು, ಹೆರಿಗೆಯಾಗಿ ಇಷ್ಟು ದಿನವಾಯಿತು ಎಂಬುದು. ಅದನ್ನು ಹೇಳದಿದ್ದರೆ ಮುಟ್ಟು ಬಂದಿರಬೇಕು ಎಂದು ಮಾತ್ರೆ ಕೊಟ್ಟು ವಾಪಸು ಕಳಿಸುವವರಿದ್ದಾರೆ.